ಸ್ಯಾನ್ ಪೆಡ್ರೊ ದಂಡೆಯ ಮರಗಳು ಮತ್ತು ನೆಲದಡಿಯ ನೀರು

ಮೆಕ್ಸಿಕೊದ ಸೊನೋರಾದಲ್ಲಿ ಹುಟ್ಟಿ ಉತ್ತರಕ್ಕೆ ಹರಿದು ಅರಿಜೋನಾವನ್ನು ಪ್ರವೇಶಿಸುವ ಸ್ಯಾನ್ ಪೆಡ್ರೊ ದೊಡ್ಡ ನದಿಯೇನಲ್ಲ. ಬೇಸಿಗೆಯಲ್ಲಿ ಹಲವೆಡೆ ಹಳ್ಳದಂತೆ ಕಾಣುತ್ತದೆ. ಆದರೂ ಅಮೆರಿಕದ ಸಂಸತ್ತು 1988ರಲ್ಲಿ ಅದರ ಸುಮಾರು 40 ಮೈಲಿ ದಂಡೆಯನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಅಲ್ಲಿನ ಜೀವಸಂಪತ್ತಿಗೆ ಆಧಾರ ದಂಡೆಯ ಮರಗಳು.

ಅವುಗಳಲ್ಲಿ ಮುಖ್ಯವಾದವು ಫ್ರೀಮಾಂಟ್ ಕಾಟನ್‌ವುಡ್ ಮತ್ತು ಗುಡ್ಡಿಂಗ್ ವಿಲೋ. ಕಾಟನ್‌ವುಡ್‌ನ ಬೀಜ ನಮ್ಮ ಬೂರುಗದ ಅರಳೆಯಂತೆ ಗಾಳಿಯಲ್ಲಿ ತೇಲುತ್ತದೆ. ಹೆಸರು ಬಂದದ್ದೂ ಅದರಿಂದಲೇ. ಎತ್ತರದ ಕೊಂಬೆಗಳಲ್ಲಿ ಬೂದು ಗಿಡುಗ ಗೂಡು ಕಟ್ಟುತ್ತದೆ. ಮರಕುಟಿಗ ಕೊರೆದು ಬಿಟ್ಟ ಪೊಟರೆಯಲ್ಲಿ ಗುಬ್ಬಿಗಾತ್ರದ ಎಲ್ಫ್ ಗೂಬೆ ಸಂಸಾರ ಹೂಡುತ್ತದೆ. ದಕ್ಷಿಣ ಅಮೆರಿಕದಿಂದ ವಲಸೆ ಬರುವ ಹಳದಿ ಕೊಕ್ಕಿನ ಕೋಗಿಲೆ ಇಲ್ಲಿನ ಕಂಬಳಿಹುಳುಗಳನ್ನು ತಿನ್ನಿಸಿ ಮರಿಗಳನ್ನು ಬೆಳೆಸುತ್ತದೆ. (ಕೋಗಿಲೆಯ ಬಳಗದ್ದಾದರೂ ಇದು ಸಾಮಾನ್ಯವಾಗಿ ಸ್ವಂತ ಗೂಡನ್ನೇ ಕಟ್ಟುತ್ತದೆ.) ಇದರ ಪಶ್ಚಿಮದ ಸಂತತಿಯನ್ನು 2014ರಲ್ಲಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು.

ಮರುಭೂಮಿಯಲ್ಲಿದ್ದರೂ ಈ ಮರಗಳು ಬರವನ್ನು ತಾಳುವವಲ್ಲ. ಅಂತರ್ಜಲ ಸುಮಾರು 3 ಮೀಟರಿಗಿಂತ ಕೆಳಗಿಳಿದರೆ ತೋಪು ತೆಳುವಾಗುತ್ತದೆ. ಹೊರದೇಶದಿಂದ ಬಂದ, ಆಳಕ್ಕೆ ಬೇರಿಳಿಸುವ ಟ್ಯಾಮರಿಸ್ಕ್ ಆ ಜಾಗವನ್ನು ಆಕ್ರಮಿಸುತ್ತದೆ. ಕಾಟನ್‌ವುಡ್ ಬೀಜದ ಆಯುಸ್ಸು ಕೆಲವೇ ವಾರ. ಅಷ್ಟರೊಳಗೆ ನೆರೆ ಇಳಿದ ಒದ್ದೆ ಮರಳು ಸಿಗಬೇಕು. ಆಮೇಲೆ ನೀರು ಕೆಳಗಿಳಿಯುವ ವೇಗದಲ್ಲಿಯೇ ಎಳೆಬೇರೂ ಇಳಿಯಬೇಕು. ಕೊಡಲಿ ಬೀಳದಂತೆ ಕಾಯ್ದ ಮಾತ್ರಕ್ಕೆ ಇಂಥ ತೋಪು ಉಳಿಯದು.

ಅರಿಜೋನಾದ ಕಾನೂನು ಎಡವಿರುವುದು ಇಲ್ಲಿಯೇ ಎಂದು ನಾನು ಭಾವಿಸುತ್ತೇನೆ. ಹರಿಯುವ ನೀರು, ಅಂತರ್ಜಲ ಎರಡನ್ನೂ ಅದು ಬೇರೆ ಬೇರೆ ಸ್ವತ್ತುಗಳಂತೆ ಕಾಣುತ್ತದೆ. ನದಿನೀರಿನಲ್ಲಿ ಮೊದಲು ಬಳಸಿದವರಿಗೆ ಮೊದಲ ಹಕ್ಕು. ಅಂತರ್ಜಲದ ಮೇಲಾದರೋ 1980ರ ಕಾಯಿದೆಯ ಬಿಗಿ ಹಿಡಿತವಿರುವುದು ಗೊತ್ತುಪಡಿಸಿದ ವಲಯಗಳಲ್ಲಿ ಮಾತ್ರ. ಸ್ಯಾನ್ ಪೆಡ್ರೊ ಮೇಲ್ಕಣಿವೆಯನ್ನು ಅಂಥ ವಲಯವಾಗಿಸಲು ರಾಜ್ಯದ ಜಲಸಂಪನ್ಮೂಲ ಇಲಾಖೆ 2005ರಲ್ಲಿ ಒಪ್ಪಲಿಲ್ಲ. ಜನರಿಗೆ ಇಂಥ ನಿಯಂತ್ರಣ ಬೇಡವೆಂಬ ವಾದವೂ ಈಗ ದುರ್ಬಲವಾಗಿದೆ: ನೆರೆಯ ಡಗ್ಲಸ್ ಕಣಿವೆಯ ಮತದಾರರು 2022ರಲ್ಲಿ ತಾವೇ ಮತ ಹಾಕಿ ಅದನ್ನು ತಂದುಕೊಂಡರು.

ಸ್ಯಾನ್ ಪೆಡ್ರೊ ಬಳಿಯ ಹುವಾಚುಕಾ ಸೇನಾನೆಲೆ ನೀರೆತ್ತುವುದನ್ನು ಗಣನೀಯವಾಗಿ ತಗ್ಗಿಸಿದೆ; ಸಿಯೆರಾ ವಿಸ್ಟಾ ನಗರ ಸಂಸ್ಕರಿಸಿದ ಕೊಳಚೆನೀರನ್ನು ನೆಲಕ್ಕೆ ಇಂಗಿಸುತ್ತಿದೆ. ಶ್ಲಾಘನೀಯವೇ. ಆದರೆ ದೂರದ ಬಾವಿ ಇಂದು ಎತ್ತಿದ ನೀರಿನ ಕೊರತೆ ನದಿಯನ್ನು ಮುಟ್ಟಲು ದಶಕಗಳೇ ಹಿಡಿಯಬಹುದು. ಮರ ಒಣಗಿದ ಮೇಲೆ ಬಾವಿ ಮುಚ್ಚಿದರೂ ಕೊರತೆ ಮುಂದುವರಿಯುತ್ತದೆ. ಹೊಸ ಬಾವಿಗೆ ಅನುಮತಿ ನೀಡುವಾಗಲೇ ನದಿಯ ಪಾಲನ್ನು ಲೆಕ್ಕಹಾಕುವ ನಿಯಮ ಈ ಕಣಿವೆಗೆ ಬೇಕಾಗಿದೆ.