ಚಿತ್ರದುರ್ಗಕ್ಕೆ ಎಷ್ಟು ಅಕ್ಷರ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ನಮ್ಮ ಜಿಲ್ಲೆಯ ಈ ನಾಲ್ಕು ಊರುಗಳ ಹೆಸರಿನಲ್ಲೂ ತಲಾ 4 ಅಕ್ಷರ. ಒತ್ತಕ್ಷರ ಕಲಿತ ಯಾವ ಮಗುವಾದರೂ ಬೆರಳು ಮಡಚಿ ಎಣಿಸುತ್ತದೆ: ಚಿ, ತ್ರ, ದು, ರ್ಗ. ಇದೇ ಪ್ರಶ್ನೆಯನ್ನು ಬ್ರೌಸರಿನೊಳಗೆ ಓಡುವ ಜಾವಾಸ್ಕ್ರಿಪ್ಟಿಗೆ ಕೇಳಿ. ಚಿತ್ರದುರ್ಗಕ್ಕೆ 10, ಹಿರಿಯೂರಿಗೆ 8, ಹೊಸದುರ್ಗಕ್ಕೆ 8, ಹೊಳಲ್ಕೆರೆಗೆ 9 ಎನ್ನುತ್ತದೆ.

ಯಂತ್ರದ ಲೆಕ್ಕ ಯಂತ್ರಕ್ಕಿರಲಿ, ನಮಗೇನು ಎನ್ನುವವರು ಜಾಲತಾಣಕ್ಕೊಂದು ಕನ್ನಡ ಪದಬಂಧ ಮಾಡಿ ನೋಡಲಿ. ನಮ್ಮ ಪದಬಂಧದಲ್ಲಿ ಒಂದು ಚೌಕಕ್ಕೆ ಒಂದು ಅಕ್ಷರ, ಗುಣಿತ ಒತ್ತುಗಳ ಸಮೇತ. ಜಾವಾಸ್ಕ್ರಿಪ್ಟ್ ಕೊಟ್ಟಂತೆ ತುಂಡು ಮಾಡಿದರೆ ಚಿತ್ರದುರ್ಗ 10 ಚೌಕಗಳಿಗೆ ಹರಡುತ್ತದೆ. ಚ ಒಂದು ಕಡೆ, ಅದರ ಗುಡಿಸು ಇನ್ನೊಂದು ಕಡೆ. ಅರ್ಜಿಯೊಂದರಲ್ಲಿ ಊರಿನ ಹೆಸರಿಗೆ 10 ಅಕ್ಷರಗಳ ಮಿತಿ ಇಟ್ಟರೆ 'ಚಿತ್ರದುರ್ಗ' ಎಂಬಲ್ಲಿಗೇ ಜಾಗ ಮುಗಿಯಿತು; 'ಚಿತ್ರದುರ್ಗದ' ಎಂದು ಬರೆಯುವಂತಿಲ್ಲ.

ವೆಬ್ ಡೆವಲಪರ್ ಆಗಲು ಹೊರಟ ಹುಡುಗ ಹುಡುಗಿಯರಿಗೆ ಸಿಗುವ ಉಪದೇಶ ಒಂದೇ: ಜಾವಾಸ್ಕ್ರಿಪ್ಟ್ ಒಂದನ್ನು ಗಟ್ಟಿ ಮಾಡಿಕೊಳ್ಳಿ, ಉಳಿದದ್ದೆಲ್ಲ ಕಾಲಹರಣ. ಕೆಲಸ ಹಿಡಿಯುವ ಮಟ್ಟಿಗೆ ಇದು ನಿಜವಿರಬಹುದು. ಕನ್ನಡದ ಮಟ್ಟಿಗೆ ಇದು ಅಪಾಯದ ಮಾತು ಎಂಬುದು ನನ್ನ ವಾದ. ಸಾಹಿತ್ಯದ ಸಂಶೋಧನಾ ವಿದ್ಯಾರ್ಥಿಗೆ ಇಲ್ಲೇನು ಕೆಲಸ ಎಂದು ಕೇಳಬೇಡಿ. ಅಕ್ಷರ ಎಂದರೇನು ಎಂಬ ಪ್ರಶ್ನೆ ಕೇಶಿರಾಜನ ಕಾಲದಿಂದಲೂ ನಮ್ಮದೇ.

ಒಂದೇ ಭಾಷೆ ಬಲ್ಲವರಿಗೆ ಆ ಭಾಷೆಯ ಆಯ್ಕೆಗಳು ಆಯ್ಕೆಗಳಾಗಿ ಕಾಣುವುದಿಲ್ಲ, ಲೋಕನಿಯಮವಾಗಿ ಕಾಣುತ್ತವೆ. ಆಂಧ್ರದ ಗಡಿಗೆ ತಾಗಿದ ಹಿರಿಯೂರು ಸೀಮೆಯಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವವರಿದ್ದಾರೆ. ಕೇಳುವವರನ್ನೂ ಸೇರಿಸಿಕೊಂಡರೆ ತೆಲುಗಿನಲ್ಲಿ 'ಮನಂ', ಹೊರಗಿಟ್ಟರೆ 'ಮೇಮು'. ಇಂದಿನ ಕನ್ನಡಕ್ಕೆ ಎರಡಕ್ಕೂ 'ನಾವು' ಒಂದೇ. ಕನ್ನಡ ಮಾತ್ರ ಬಲ್ಲ ನನ್ನಂಥವರಿಗೆ ಈ 'ನಾವು' ಯಾರನ್ನು ಒಳಗೆ ಬಿಟ್ಟಿತು, ಯಾರನ್ನು ಹೊರಗಿಟ್ಟಿತು ಎಂಬ ಸಂದೇಹವೇ ಏಳುವುದಿಲ್ಲ. ಎರಡು ಭಾಷೆ ಆಡುವವರಿಗೆ ಏಳುತ್ತದೆ.

ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಹೀಗೆಯೇ. ಗೋ ಭಾಷೆಗೆ ಚಿತ್ರದುರ್ಗದ ಉದ್ದ ಕೇಳಿದರೆ 30 ಎನ್ನುತ್ತದೆ. ಅದು ಎಣಿಸುವುದು ಬೈಟುಗಳನ್ನು. ಸ್ವಿಫ್ಟ್ 6 ಎನ್ನುತ್ತದೆ. ಓದುವವರ ಕಣ್ಣಿಗೆ ಒಂದಾಗಿ ಕಾಣುವ ಗುಂಪುಗಳನ್ನು ಎಣಿಸುವುದು ಅದರ ಉದ್ದೇಶ. ಜಾವಾಸ್ಕ್ರಿಪ್ಟಿನ 10 ಎಂಬುದು 16 ಬಿಟ್‌ಗಳ ತುಂಡುಗಳ ಲೆಕ್ಕ. ಬ್ರೆಂಡನ್ ಐಕ್ 1995ರಲ್ಲಿ ಹತ್ತೇ ದಿನಗಳಲ್ಲಿ ಮೊದಲ ರೂಪ ಕೊಟ್ಟ ಭಾಷೆ ಅದು. ಜಗತ್ತಿನ ಲಿಪಿಗಳೆಲ್ಲ 16 ಬಿಟ್‌ಗಳಲ್ಲಿ ಹಿಡಿಸುತ್ತವೆ ಎಂದು ನಂಬಿದ್ದ ಕಾಲದ ಗುರುತು ಅದರ ಮೈಮೇಲೆ ಇನ್ನೂ ಇದೆ. ಮೂರು ಉತ್ತರಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಮೂರನ್ನೂ ಪಕ್ಕಪಕ್ಕ ಇಟ್ಟವರು ಮಾತ್ರ 'ಏನನ್ನು ಎಣಿಸುತ್ತಿದ್ದೀಯ?' ಎಂದು ಕೇಳಬಲ್ಲರು.

ಜಾವಾಸ್ಕ್ರಿಪ್ಟಿನಲ್ಲೇ ಸೆಗ್ಮೆಂಟರ್ ಎಂಬ ಸಲಕರಣೆ ಇದೆಯಲ್ಲ, ಅದೂ 6 ಕೊಡುತ್ತದೆಯಲ್ಲ ಎಂದು ಬಲ್ಲವರು ಆಕ್ಷೇಪಿಸುತ್ತಾರೆ. ಇದೆ. ಆದರೆ 10 ಎಂಬುದೇ ಸಹಜ ಎಂದು ನಂಬಿದವರು ಅದನ್ನು ಹುಡುಕಲು ಯಾಕೆ ಹೋಗುತ್ತಾರೆ? ಹಾಗಂತ ಯಾವ ಎರಡನೆಯ ಭಾಷೆಯಾದರೂ ಆದೀತು ಎಂದೂ ಹೇಳಲಾರೆ. ಟೈಪ್‌ಸ್ಕ್ರಿಪ್ಟ್ ಜಾವಾಸ್ಕ್ರಿಪ್ಟಿನದೇ ಮನೆ. ಪೈಥಾನ್ ಎಣಿಸುವ ಬಗೆ ಬೇರೆಯಾದರೂ ಕನ್ನಡದ ಮಟ್ಟಿಗೆ ಅದರ ಉತ್ತರವೂ 10. ಮೊದಲನೆಯದರ ಜೊತೆ ಜಗಳವಾಡುವ ಭಾಷೆಯನ್ನೇ ಆರಿಸಿಕೊಳ್ಳಬೇಕು.

ಇನ್ನು 6 ಕೂಡ 4 ಅಲ್ಲ. ಆ ಗುಂಪುಗಳ ನಿಯಮ ರೂಪಿಸುವುದು ಯೂನಿಕೋಡ್. 2023ರಲ್ಲಿ ಬಂದ ಅದರ 15.1ನೇ ಆವೃತ್ತಿ ಭಾರತೀಯ ಲಿಪಿಗಳ ಒತ್ತಕ್ಷರಗಳನ್ನು ಒಂದೇ ಘಟಕವಾಗಿ ಹಿಡಿಯುವ ನಿಯಮ ತಂದಿತು. ಆಗ ಅದು ಅನ್ವಯಿಸಿದ್ದು ಆರು ಲಿಪಿಗಳಿಗೆ: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಅಂದರೆ ಆ ನಿಯಮದ ಪ್ರಕಾರ ಚಿತ್ರದುರ್ಗ ಎಂಬ ಇದೇ ಹೆಸರನ್ನು ತೆಲುಗು ಲಿಪಿಯಲ್ಲಿ ಬರೆದರೆ 4, ಕನ್ನಡದಲ್ಲಿ ಬರೆದರೆ 6!

ಇದಕ್ಕೆ ಎಷ್ಟು ಜನ ಕನ್ನಡದ ಡೆವಲಪರುಗಳು ದನಿ ಎತ್ತಿದ್ದನ್ನು ನೀವು ಕೇಳಿದ್ದೀರಿ? ನವೆಂಬರ್ ಬಂದರೆ ಕನ್ನಡ ಬಾವುಟ ಹಿಡಿಯಲು ನಮ್ಮಲ್ಲಿ ಜನಕ್ಕೆ ಬರವಿಲ್ಲ. ಅರ್ಧಾಕ್ಷರದ ಮುಂದೆ ವ್ಯಂಜನ ಬಂದರೆ ಎರಡನ್ನೂ ಸೇರಿಸಿ ಎಣಿಸು ಎಂದು ಯಂತ್ರಕ್ಕೆ ಹೇಳಲು ಕೆಲವೇ ಸಾಲುಗಳ ಪ್ರೋಗ್ರಾಂ ಸಾಕು. ಯೂನಿಕೋಡಿಗೆ ಪ್ರಸ್ತಾವ ಬರೆಯಲು ಯಾರಿಗೂ ಅಡ್ಡಿಯಿಲ್ಲ. ಇರುವ ಕೊರತೆ ಎಣಿಕೆಯನ್ನು ಅನುಮಾನಿಸುವ ಅಭ್ಯಾಸದ್ದು.

ಆದ್ದರಿಂದ ಜಾವಾಸ್ಕ್ರಿಪ್ಟ್ ಕಲಿಯುತ್ತಿರುವ ಗೆಳೆಯರಿಗೆ ನನ್ನ ಮಾತು ಇಷ್ಟೇ. ಎರಡನೆಯ ಭಾಷೆಯನ್ನು ಸಂಬಳಕ್ಕಾಗಿ ಕಲಿಯಿರಿ ಎನ್ನುವವರು ಬೇಕಾದಷ್ಟು ಮಂದಿ ಇದ್ದಾರೆ. ನೀವು ಮೊದಲನೆಯದನ್ನು ಪ್ರಶ್ನಿಸುವುದಕ್ಕಾಗಿ ಕಲಿಯಿರಿ. ನಿಮ್ಮೂರಿನ ಹೆಸರಿನಿಂದಲೇ ಶುರು ಮಾಡಿ.