ಎದ್ದು ಕಾಣಲು ಬೆಳ್ಳಗಾಗಬೇಕೆ?

ಮಗಳ ಮದುವೆ ಫೋಟೋ ತೆಗೆಸಲು ಬಸವಕಲ್ಯಾಣ, ಹುಮನಾಬಾದ್‌ನ ಸ್ಟುಡಿಯೋಗಳಿಗೆ ಹೋಗುವವರ ಬೇಡಿಕೆ ಒಂದೇ: "ಮುಖ ಎದ್ದು ಕಾಣಬೇಕು." ಹಾಗೆಂದರೆ ಬೆಳ್ಳಗೆ ಕಾಣಬೇಕು ಎಂದರ್ಥವೇ? ನಾವು ಕೇಳುತ್ತೇವೆ.

ಹಿಂದಿನ ಗೋಡೆಯನ್ನು ತುಸು ಕಪ್ಪಾಗಿಸಿ ಮಸುಕು ಮಾಡಿ, ಕಣ್ಣಿಗೆ ಸ್ವಲ್ಪ ಬೆಳಕು ಕೊಟ್ಟರೆ ಎಂಥ ಕಪ್ಪು ಮುಖವೂ ಮುಂದೆ ಬರುತ್ತದೆ. ಚರ್ಮವನ್ನು ಮುಟ್ಟಬೇಕಿಲ್ಲ. ಕಂಪ್ಯೂಟರಿಗೆ ಮೊದಲೂ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ತಿದ್ದುತ್ತಿದ್ದರು. ತಿದ್ದುವುದೇ ತಪ್ಪೆಂದು ನಮ್ಮ ವಾದವಲ್ಲ. ಆದರೆ ಇಂದಿನ ಮೊಬೈಲ್ ಆ್ಯಪ್ ಮಚ್ಚೆ, ಗಾಯದ ಗುರುತು, ತೊಗರಿ ಹೊಲದಲ್ಲಿ ಕಳೆ ಕೀಳುವಾಗ ಹತ್ತಿದ ಬಿಸಿಲಿನ ಬಣ್ಣ ಎಲ್ಲವನ್ನೂ ಕ್ಷಣದಲ್ಲಿ ಒರೆಸಿಹಾಕುತ್ತದೆ.

ಹೆಣ್ಣು ನೋಡಲು ಬಂದವರ ಎದುರು ಕೂರುವುದು ಫೋಟೋ ಅಲ್ಲ, ಹುಡುಗಿ. "ಫೋಟೋದಲ್ಲಿ ಬೇರೆ ಥರ ಇದ್ದಳಲ್ಲ" ಎಂಬ ಮಾತು ತಗಲುವುದು ಅವಳಿಗೇ. ತಿದ್ದಿದವನಿಗೂ ಅಲ್ಲ, ತಿದ್ದಿಸಿದ ಅಪ್ಪನಿಗೂ ಅಲ್ಲ. (ಗಂಡಿನ ಬಣ್ಣದ ಬಗ್ಗೆ ಇಷ್ಟು ಚಿಂತೆ ಯಾರಿಗಿದೆ?)

ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಮಾಡಿ ಜಾತಿಯ ಗೋಡೆಯನ್ನೇ ಅಲುಗಾಡಿಸಿದರೆಂದು ಶರಣರ ಚರಿತ್ರೆಗಳು ಹೇಳುವ ಕಲ್ಯಾಣವಿದು. ಅಲ್ಲಿಯೇ ಇಂದು ಚರ್ಮದ ಬಣ್ಣಕ್ಕೆ ಬೆಲೆ ಕಟ್ಟುತ್ತಿದ್ದೇವೆಂದರೆ ಏನು ಹೇಳೋಣ!

ಸ್ಟುಡಿಯೋದವರಿಗೆ ನಮ್ಮ ಕೋರಿಕೆ ಇಷ್ಟೇ: ಗೋಡೆಯನ್ನು ಎಷ್ಟು ಬೇಕಾದರೂ ತಿದ್ದಿ, ಮುಖದ ಬಣ್ಣವನ್ನು ಬಿಡಿ.