ಕ್ರಿಯಾಟಿನ್ ಬೇರೆ, ಕ್ರಿಯಾಟಿನಿನ್ ಬೇರೆ ಕಣ್ರಪ್ಪಾ!

ಡಬ್ಬಿ ಸರಣಿ, ಭಾಗ 3 💪

ವೇ ಪ್ರೋಟೀನ್ ಬಗ್ಗೆ ಬರೆದಾಗಿನಿಂದ ಇನ್‌ಬಾಕ್ಸ್ ತುಂಬಾ ಒಂದೇ ಪ್ರಶ್ನೆ: "ಕ್ರಿಯಾಟಿನ್ ತಗೊಂಡ್ರೆ ಕಿಡ್ನಿ ಹೋಗುತ್ತಂತೆ, ಹೌದಾ?"

ಕಿಡ್ನಿ ಚೆನ್ನಾಗಿರೋ ದೊಡ್ಡವರು ದಿನಕ್ಕೆ 3ರಿಂದ 5 ಗ್ರಾಂ ತಗೊಂಡ್ರೆ ಹಾಗಾಗುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಈ ಭಯದ ಅರ್ಧ ಪಾಲು ಒಂದು 'ನಿ' ಅಕ್ಷರದ್ದು ಅಂತ ನನ್ನ ಅನಿಸಿಕೆ.

ಕ್ರಿಯಾಟಿನ್ ಸ್ಟಿರಾಯ್ಡ್ ಅಲ್ಲ. 1832ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷೆವ್ರೇಲ್ ಇದನ್ನ ಮಾಂಸದಿಂದ ಬೇರ್ಪಡಿಸಿದ್ದು. ಗ್ರೀಕಿನಲ್ಲಿ ಮಾಂಸಕ್ಕೆ ಕ್ರೆಯಾಸ್ ಅಂತಾರೆ, ಹೆಸರು ಬಂದಿದ್ದು ಅಲ್ಲಿಂದ. ನಮ್ಮ ದೇಹವೇ ದಿನಕ್ಕೆ ಸುಮಾರು 1 ಗ್ರಾಂ ತಯಾರಿಸುತ್ತೆ. ಅದರಲ್ಲಿ ಕಿಡ್ನಿಗೂ ಲಿವರ್‌ಗೂ ಪಾಲಿದೆ. ದೇಹದಲ್ಲಿರೋದರ ಶೇ. 95ರಷ್ಟು ಸ್ನಾಯುಗಳಲ್ಲೇ ಇರುತ್ತೆ.

ಕಬಡ್ಡಿಯಲ್ಲಿ ಸಿಕ್ಕಿಬಿದ್ದ ರೈಡರ್ ಒಂದೇ ನೆಗೆತಕ್ಕೆ ಗೆರೆ ಮುಟ್ಟೋಕೆ ನೋಡ್ತಾನಲ್ಲ, ಆ ಕ್ಷಣ ಸ್ನಾಯುವಿನ ಎಟಿಪಿ ಸರ್ರಂತ ಖರ್ಚಾಗುತ್ತೆ. ಫಾಸ್ಫೇಟ್ ಹೊತ್ತ ಕ್ರಿಯಾಟಿನ್ ತನ್ನ ಫಾಸ್ಫೇಟ್ ಕೊಟ್ಟು ಮತ್ತೆ ಎಟಿಪಿ ಮಾಡಿಕೊಡುತ್ತೆ. ಈ ಆಟ ಹೆಚ್ಚೂಕಮ್ಮಿ 10 ಸೆಕೆಂಡ್. ಅದಕ್ಕೇ ವೇಟ್ ಎತ್ತೋರಿಗೆ, ಸ್ಪ್ರಿಂಟ್ ಓಡೋರಿಗೆ ಉಪಯೋಗ. 10 ಕಿ.ಮೀ. ಓಡೋರು ಹೆಚ್ಚು ಆಸೆ ಇಟ್ಕೋಬೇಡಿ.

ಈಗ 'ನಿ' ಕಥೆ. ಸ್ನಾಯುವಿನ ಕ್ರಿಯಾಟಿನ್ ದಿನಾ ಸ್ವಲ್ಪ ಸ್ವಲ್ಪ ತನ್ನಷ್ಟಕ್ಕೆ ಒಂದು ನೀರಿನ ಅಣು ಕಳ್ಕೊಂಡು ಕ್ರಿಯಾಟಿನಿನ್ ಆಗುತ್ತೆ. ಅದು ಬೂದಿ. ಕಿಡ್ನಿ ಅದನ್ನ ಮೂತ್ರದಲ್ಲಿ ಹೊರಹಾಕುತ್ತೆ. ರಕ್ತದಲ್ಲಿ ಬೂದಿ ಜಾಸ್ತಿ ಕಂಡ್ರೆ ಕಿಡ್ನಿ ಸೋತಿದೆಯಾ ಅಂತ ಡಾಕ್ಟರ್ ಅನುಮಾನ ಪಡ್ತಾರೆ, ಸರಿಯಾಗೇ ಪಡ್ತಾರೆ. ಆದ್ರೆ ಒಲೆಗೆ ಸೌದೆ ಜಾಸ್ತಿ ಹಾಕಿದ್ರೂ ಬೂದಿ ಜಾಸ್ತಿ ಬೀಳುತ್ತೆ ಅಲ್ವಾ?

ನಮ್ಮ ದೊಡ್ಡಮ್ಮನ ಮಗನಿಗೆ ಆಗಿದ್ದು ಇದೇ. ರಿಪೋರ್ಟ್‌ನಲ್ಲಿ 1.4 ಬಂತು, ದೊಡ್ಡಮ್ಮ ಊಟ ಬಿಟ್ರು. ಡಬ್ಬಿ ಬೀರುವಿನಲ್ಲಿ ಬಟ್ಟೆ ಹಿಂದೆ ಇತ್ತು, ಡಾಕ್ಟರ್‌ಗೂ ಹೇಳಿರಲಿಲ್ಲ. ಹೇಳಿದ ಮೇಲೆ ಅವರು ಸಿಸ್ಟಾಟಿನ್ ಸಿ ಅನ್ನೋ ಇನ್ನೊಂದು ಟೆಸ್ಟ್ ಬರೆದರು, ಅದು ನಾರ್ಮಲ್ ಬಂತು. ನನ್ನ ಪ್ರಕಾರ ಪುಡಿಗಿಂತ ದೊಡ್ಡ ಅಪಾಯ ಈ ಬಚ್ಚಿಡೋದು. "ಓ, ಕ್ರಿಯಾಟಿನ್ ತಗೋತಿದ್ದೀನಿ, ಅದಕ್ಕೇ ಜಾಸ್ತಿ" ಅಂತ ನೀವೇ ತೀರ್ಮಾನ ಮಾಡೋದೂ ಅಷ್ಟೇ ಕೆಟ್ಟದ್ದು, ನಿಜವಾದ ಕಾಯಿಲೆ ಹಾಗೇ ಮುಚ್ಚಿಹೋಗಬಹುದು. ಕಿಡ್ನಿ ತೊಂದರೆ, ಶುಗರ್, ಬಿಪಿ ಇರೋರು ಡಾಕ್ಟರ್ ಕೇಳದೆ ಮುಟ್ಟಲೇಬೇಡಿ.

ಮುದ್ದೆ, ಸೊಪ್ಪಿನ ಸಾರಲ್ಲೇ ಬೆಳೆದ ಸಸ್ಯಾಹಾರಿಗಳೇ, ಇದು ನಿಮಗೆ. ಕ್ರಿಯಾಟಿನ್ ಸಿಗೋದು ಮಾಂಸ, ಮೀನಿನಲ್ಲಿ. ಸೊಪ್ಪು, ಬೇಳೆಯಲ್ಲಿ ಇಲ್ಲ ಅಂತಲೇ ಹೇಳಬಹುದು. ಅದಕ್ಕೇ ನಿಮ್ಮ ಸ್ನಾಯುಗಳಲ್ಲಿ ಸಂಗ್ರಹ ಕಡಿಮೆ ಇರುತ್ತೆ, ಪುಡಿಯ ಪರಿಣಾಮ ಹೆಚ್ಚು ಕಾಣಬಹುದು. ಪುಡಿಯಲ್ಲಿ ಮಾಂಸ ಇಲ್ಲ, ಸಾರ್ಕೊಸಿನ್ ಮತ್ತು ಸಯನಮೈಡ್‌ನಿಂದ ಫ್ಯಾಕ್ಟರಿಯಲ್ಲಿ ಮಾಡ್ತಾರೆ. (ಕ್ಯಾಪ್ಸೂಲ್ ಆದ್ರೆ ಹೊರಗಿನ ಜೆಲಾಟಿನ್ ನೋಡ್ಕೊಳ್ಳಿ.)

ಕೂದಲು? 2009ರ ಒಂದು ಅಧ್ಯಯನದಲ್ಲಿ 20 ಜನ ರಗ್ಬಿ ಹುಡುಗರಿಗೆ ಡಿಎಚ್‌ಟಿ ಹಾರ್ಮೋನ್ ಏರಿತ್ತು. ತಲೆ ಕೂದಲನ್ನ ಯಾರೂ ಎಣಿಸಿರಲಿಲ್ಲ 😅

ದುಡ್ಡಿನ ವಿಷಯಕ್ಕೆ ಬಂದ್ರೆ ನನಗೆ ಸಿಟ್ಟೇ ಬರುತ್ತೆ. ಎಚ್‌ಸಿಎಲ್, ಈಥೈಲ್ ಎಸ್ಟರ್ ಅಂತ ಹೊಳೆಯೋ ಡಬ್ಬಿ ತೋರಿಸಿ ಪಾಕೆಟ್ ಮನಿ ಖಾಲಿ ಮಾಡಿಸ್ತಾರೆ. ಅತಿ ಹೆಚ್ಚು ಪರೀಕ್ಷೆ ಆಗಿರೋದು ಸಾದಾ ಮೊನೊಹೈಡ್ರೇಟ್ ಮೇಲೆ, ಅದೇ ಅಗ್ಗ. ಮೊದಲ ವಾರ ದಿನಾ 20 ಗ್ರಾಂ ಸುರಿಯೋದೂ ಬೇಕಿಲ್ಲ, 3 ಗ್ರಾಂನಲ್ಲೇ ಒಂದು ತಿಂಗಳಲ್ಲಿ ಸ್ನಾಯು ತುಂಬುತ್ತೆ. ತೂಕ ಒಂದು ಕೆಜಿ ಏರಿದ್ರೆ ಸ್ಟೋರಿ ಹಾಕಬೇಡಿ ಗುರು, ಆರಂಭದಲ್ಲಿ ಅದು ಹೆಚ್ಚಾಗಿ ನೀರು.

ಭಾಗ 4: ಪ್ರೀ-ವರ್ಕೌಟ್ ಕುಡಿದ್ರೆ ಮೈ ಯಾಕೆ ಜುಮ್ ಅನ್ನುತ್ತೆ?

#ಡಬ್ಬಿಸರಣಿ #ಕ್ರಿಯಾಟಿನ್ #ಕನ್ನಡದಲ್ಲಿವಿಜ್ಞಾನ